ಕಲ್ಲು ಹೊತ್ತ ಬಂಡಿ, ಕಲ್ಲು ಕಿತ್ತ ಹಾರೆ

ರಾಯಚೂರು ಕೋಟೆಯ ಪಶ್ಚಿಮದ ಒಳಗೋಡೆಯಲ್ಲಿ ಒಂದು ಕಲ್ಲಿದೆ. ಉದ್ದ ಸುಮಾರು 41 ಅಡಿ, ಅಗಲ ಸುಮಾರು 3 ಅಡಿ. ನಡುವೆ ಎಲ್ಲೂ ಜೋಡಣೆಯಿಲ್ಲ. ಇಡಿಯಾಗಿ ಒಂದೇ ಬಂಡೆಯಿಂದ ಸೀಳಿ ತಂದದ್ದು. ಅದರ ಮೇಲೆ ತೆಲುಗು ಶಾಸನ ಕೊರೆದಿದ್ದಾರೆ. ಕಾಲ ಶಕ 1216, ಅಂದರೆ ಕ್ರಿ.ಶ. 1294. ಕಾಕತೀಯರ ಕಡೆಯ ವಿಠ್ಠಲನಾಥ ಎಂಬ ದಂಡನಾಯಕ ಆದವಾನಿ, ತುಂಬುಳ, ಮಾನುವ, ಹಾಲುವ ದುರ್ಗಗಳನ್ನು ಒಂದರ ಹಿಂದೊಂದು ಗೆದ್ದು ರಾಯಚೂರಿಗೆ ಬಂದದ್ದನ್ನೂ, ಗೋರೆ ಗಂಗಯ್ಯ ರೆಡ್ಡಿ ಇಲ್ಲಿ ಕಲ್ಲುಕೋಟೆ ಕಟ್ಟಿಸಿದ್ದನ್ನೂ ಅದು ಹೇಳುತ್ತದೆ. ಶಾಸನದ ಮಾನುವವೇ ಇವತ್ತಿನ ಮಾನ್ವಿ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ನೆಲಕ್ಕಾಗಿ ದೇವಗಿರಿಯ ಸೇವುಣರಿಗೂ ವಾರಂಗಲ್ಲಿನ ಕಾಕತೀಯರಿಗೂ ನಡೆದ ಜಗ್ಗಾಟದ ಒಂದು ಘಟ್ಟದಲ್ಲಿ ಎದ್ದ ಕೋಟೆಯಿದು.

ಇದಿಷ್ಟೇ ಆಗಿದ್ದರೆ ಇನ್ನೊಂದು ವಿಜಯಶಾಸನ ಎಂದು ಓದಿ ಮುಂದೆ ಹೋಗಬಹುದಿತ್ತು. ಆದರೆ ಕಲ್ಲು ಇಟ್ಟವರು ಅದರ ಪಕ್ಕದ ಗೋಡೆಯ ಮೇಲೆ ಒಂದು ಚಿತ್ರವನ್ನೂ ಕೊರೆಸಿದರು. ಗಟ್ಟಿ ಗಾಲಿಯ ಬಂಡಿಯ ಮೇಲೆ ಇದೇ ಉದ್ದನೆಯ ಕಲ್ಲು ಮಲಗಿದೆ. ಮುಂದೆ ಜೋಡಿ ಜೋಡಿಯಾಗಿ ನೊಗಕ್ಕೆ ಕಟ್ಟಿದ ಕೋಣಗಳ ಉದ್ದನೆಯ ಸಾಲು. ನಡುನಡುವೆ ಅವುಗಳನ್ನು ಹುರಿದುಂಬಿಸಿ ಹೊಡೆಯುವವರು. ಹಿಂದೆ, ಗಾಲಿಗಳ ಬುಡಕ್ಕೆ ಮರದ ಸನ್ನೆಗೋಲು ಕೊಟ್ಟು ಮೀಟುತ್ತಿರುವ ಆಳುಗಳು. ನಮ್ಮ ಶಾಸನಗಳಲ್ಲಿ ದಾನ, ದತ್ತಿ, ಗೆಲುವು, ವೀರಮರಣ ಬೇಕಾದಷ್ಟು ಸಿಗುತ್ತವೆ. ಕೆಲಸವನ್ನು ಹೇಗೆ ಮಾಡಿದೆವು ಎಂದು ಮಾಡಿದವರೇ ತೋರಿಸಿಟ್ಟದ್ದು ಬಹಳ ಕಡಿಮೆ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಎಂಬ ಪತ್ರಿಕೆಗೆ ಹೆದರುವುದನ್ನು ನಾನು ಕಂಡಿದ್ದೇನೆ. ಅವರ ಪುಸ್ತಕದ ಮೊದಲ ಐದಾರು ಅಧ್ಯಾಯಗಳು ಈ ಕೋಟೆಯ ಗೋಡೆಯಲ್ಲೇ ಇವೆ ಎಂಬುದು ನನ್ನ ನಂಬಿಕೆ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಕಲ್ಲನ್ನು ಬಂಡೆಯಿಂದ ಬಿಡಿಸಬೇಕು. ರಾಯಚೂರು, ಮಾನ್ವಿ, ದೇವದುರ್ಗದ ಸುತ್ತ ಬೆಣಚು ಬೆರೆತ ಗ್ರಾನೈಟ್ ಗುಡ್ಡಗಳಿಗೆ ಬರವಿಲ್ಲ. ಈ ಕಡೆ ಕಲ್ಲು ಸೀಳುವವರ ಕೈಗೆಲಸ ಹೀಗಿರುತ್ತದೆ: ಸೀಳಬೇಕಾದ ಗೆರೆಯುದ್ದಕ್ಕೂ ಉಳಿಯಿಂದ ಸಣ್ಣ ಸಣ್ಣ ಗುಣಿ ಹೊಡೆಯುತ್ತಾರೆ. ಪ್ರತಿ ಗುಣಿಗೂ ಒಂದು ಬೆಣೆ. ಆಮೇಲೆ ಸುತ್ತಿಗೆ ಹಿಡಿದು ಸಾಲಿನ ಈ ತುದಿಯಿಂದ ಆ ತುದಿಗೆ ಒಂದೊಂದು ಬೆಣೆಗೆ ಒಂದೊಂದೇ ಪೆಟ್ಟು, ಮತ್ತೆ ಮೊದಲಿನಿಂದ. ಯಾವ ಬೆಣೆಗೂ ಹೆಚ್ಚು ಹೊಡೆಯುವುದಿಲ್ಲ. ಪೆಟ್ಟಿಗೆ ಕಲ್ಲು ಕೊಡುವ ಸದ್ದು ಬರಬರುತ್ತಾ ಬದಲಾಗುತ್ತದೆ. ಸದ್ದು ಬದಲಾದಾಗ ಕೈ ನಿಲ್ಲಿಸಿ ಕಾಯುತ್ತಾರೆ. ಬಂಡೆ ತಾನಾಗಿ ಬಿರುಕು ಬಿಟ್ಟುಕೊಳ್ಳುತ್ತದೆ.

ಇಲ್ಲಿ ಸುತ್ತಿಗೆಯ ಬಲ ಕೆಳಮುಖ, ಆದರೆ ಬೆಣೆ ಅದನ್ನು ಎರಡೂ ಪಕ್ಕಕ್ಕೆ ತಿರುಗಿಸುತ್ತದೆ. ಕಲ್ಲು ಎಳೆತಕ್ಕೆ ಸಿಕ್ಕುತ್ತದೆ. ಗ್ರಾನೈಟನ್ನು ಒತ್ತಿ ಪುಡಿ ಮಾಡಬೇಕೆಂದರೆ ಪ್ರತಿ ಚದರ ಮಿಲಿಮೀಟರಿಗೆ 100ರಿಂದ 200 ನ್ಯೂಟನ್ ಬಲ ಬೇಕು. ಅದನ್ನೇ ಎಳೆದು ಹರಿಯಲು ಅದರ ಹತ್ತನೇ ಒಂದು ಪಾಲು, ಒಮ್ಮೊಮ್ಮೆ ಇಪ್ಪತ್ತನೇ ಒಂದು ಪಾಲು ಸಾಕು. ಯಾಕೆ ಹೀಗೆ? ಕಲ್ಲಿನೊಳಗೆ ಕಣ್ಣಿಗೆ ಕಾಣದ ಬಿರುಕುಗಳಿವೆ. ಒತ್ತಿದಾಗ ಅವು ಮುಚ್ಚಿಕೊಳ್ಳುತ್ತವೆ, ಎಳೆದಾಗ ಬಾಯಿ ತೆರೆಯುತ್ತವೆ. ಬಿರುಕಿನ ತುದಿಯಲ್ಲಿ ಬಲ ಒಟ್ಟುಗೂಡಿ, ಒಂದು ಮಿತಿ ದಾಟಿದೊಡನೆ ಬಿರುಕು ತಾನೇ ಓಡತೊಡಗುತ್ತದೆ. ಇಂಗ್ಲೆಂಡಿನ ಎ. ಎ. ಗ್ರಿಫಿತ್ ಗಾಜಿನ ಎಳೆಗಳನ್ನು ಹರಿದು ಹರಿದು ನೋಡಿ ಇದನ್ನು ಗಣಿತವಾಗಿ ಬರೆದದ್ದು 1921ರಲ್ಲಿ. ಬೆಣೆ ಹೊಡೆದವನು ಬಿರುಕಿನ ಗಣಿತ ಬರೆಯಲಿಲ್ಲ. ಅದು ಯಾವಾಗ ಓಡುತ್ತದೆ ಎಂಬುದನ್ನು ಕಿವಿಯಿಂದ ತಿಳಿದಿದ್ದ.

ಕಲ್ಲು ಬಿಟ್ಟಿತು. ಈಗ ಅದನ್ನು ಸಾಗಿಸಬೇಕು. ಅಸಲಿ ಅಪಾಯ ಇರುವುದೇ ಇಲ್ಲಿ.

ಕಲ್ಲಿನ ದಪ್ಪ ಗೋಡೆಯೊಳಗೆ ಸೇರಿಕೊಂಡಿದೆ. ಲೆಕ್ಕಕ್ಕಾಗಿ ಒಂದೂವರೆ ಅಡಿ ಎಂದು ಇಟ್ಟುಕೊಳ್ಳೋಣ. ಆಗ ತೂಕ ಸುಮಾರು 14 ಟನ್ ಆಗುತ್ತದೆ. ಇದನ್ನು ಎರಡೂ ತುದಿಗೆ ಆಸರೆ ಕೊಟ್ಟು ಚಪ್ಪಟೆಯಾಗಿ ಮಲಗಿಸಿದೆವು ಎನ್ನಿ. ಕಲ್ಲು ತನ್ನ ಭಾರಕ್ಕೆ ತಾನೇ ನಡುವೆ ಬಾಗುತ್ತದೆ. ಮೇಲ್ಮೈ ಒತ್ತಿಕೊಳ್ಳುತ್ತದೆ, ಕೆಳಮೈ ಎಳೆದುಕೊಳ್ಳುತ್ತದೆ. ಕೆಳಮೈಯ ಆ ಎಳೆತ ಚದರ ಮಿಲಿಮೀಟರಿಗೆ ಹೆಚ್ಚುಕಡಿಮೆ 7 ನ್ಯೂಟನ್. ಬಾಗಿದಾಗ ಗ್ರಾನೈಟ್ ತಡೆಯುವುದು ಸಾಮಾನ್ಯವಾಗಿ 10ರಿಂದ 20ರವರೆಗೆ. ಅಂದರೆ ಕಲ್ಲು ಅಲುಗಾಡದೆ ಮಲಗಿದ್ದರೆ ಉಳಿಯುತ್ತದೆ. ಆದರೆ ಬಂಡಿ ಅಲುಗಾಡದೆ ಹೋಗುವುದುಂಟೆ? ಗಾಲಿ ಒಂದು ತಗ್ಗಿಗೆ ಇಳಿದರೆ ಸಾಕು, ಒಮ್ಮೆಲೇ ಬಿದ್ದ ಭಾರ ನಿಧಾನವಾಗಿ ಹೇರಿದ ಭಾರದ ಎರಡು ಪಟ್ಟು ಪೆಟ್ಟು ಕೊಡುತ್ತದೆ. 7 ಇದ್ದದ್ದು 14 ಆಗುತ್ತದೆ. ಕಲ್ಲು ಹೊಲದ ನಡುವೆಯೇ ಎರಡು ತುಂಡಾಗಬಹುದು. ಈ ಲೆಕ್ಕದಲ್ಲಿ ಕಲ್ಲಿನ ಅಗಲ ಎಲ್ಲೂ ಬರುವುದಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಅಗಲ ಹೆಚ್ಚಿದಷ್ಟು ಬಲವೂ ಹೆಚ್ಚುತ್ತದೆ, ಭಾರವೂ ಅಷ್ಟೇ ಹೆಚ್ಚುತ್ತದೆ, ಎರಡೂ ಹೊಡೆದುಹೋಗುತ್ತವೆ. ಉಳಿಯುವುದು ಉದ್ದ ಮತ್ತು ದಪ್ಪ ಮಾತ್ರ. ಉದ್ದ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು. ಹನ್ನೆರಡು ಅಡಿಯ ಕಲ್ಲು ಸಾಗಿಸಿ ಪಳಗಿದವನು 41 ಅಡಿಯ ಕಲ್ಲಿಗೂ ಅದೇ ಉಪಾಯ ಹೂಡಿದರೆ ಕೈ ಸುಟ್ಟುಕೊಳ್ಳುತ್ತಾನೆ.

ಹಾಗಾದರೆ ದಾರಿ ಏನು? ಆಸರೆಗಳನ್ನು ತುದಿಯಿಂದ ಒಳಕ್ಕೆ ತರುವುದು. ಎರಡೂ ತುದಿಯಿಂದ ಉದ್ದದ ಐದನೇ ಒಂದು ಪಾಲಿಗಿಂತ ತುಸು ಹೆಚ್ಚು ಒಳಗೆ, ಈ ಕಲ್ಲಿಗಾದರೆ ಸುಮಾರು ಎಂಟೂವರೆ ಅಡಿ ಒಳಗೆ ಆಸರೆ ಕೊಟ್ಟರೆ, ಹೊರಚಾಚಿದ ತುದಿಗಳ ಭಾರ ನಡುವಿನ ಬಾಗನ್ನು ಮೇಲೆತ್ತುತ್ತದೆ. ಎಳೆತ ಮೊದಲಿನ ಆರನೇ ಒಂದು ಪಾಲಿಗೆ ಇಳಿಯುತ್ತದೆ. 7 ಇದ್ದದ್ದು 1.2ರ ಹತ್ತಿರ ಬರುತ್ತದೆ. ಬಂಡಿ ಎಷ್ಟೇ ಕುಲುಕಿದರೂ ಆಗ ಭಯವಿಲ್ಲ. ಕಲ್ಲನ್ನು ಮಗ್ಗುಲಿಗೆ ನಿಲ್ಲಿಸಿ ಒಯ್ದರೂ ಎಳೆತ ಅರ್ಧಕ್ಕೆ ಇಳಿಯುತ್ತದೆ, ಆದರೆ ಮಗುಚುವ ಅಪಾಯ ಮೈಮೇಲೆ ಬರುತ್ತದೆ.

ಇನ್ನಷ್ಟು ಗಾಲಿ, ಇನ್ನಷ್ಟು ಆಸರೆ ಕೊಟ್ಟರೆ ಇನ್ನೂ ಒಳ್ಳೆಯದಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಇದಕ್ಕೆ ಉತ್ತರ ಗೆಲಿಲಿಯೋ ಕೊಟ್ಟಿದ್ದಾನೆ. ಚರ್ಚಿನ ಶಿಕ್ಷೆಗೆ ಒಳಗಾಗಿ ಮನೆಯಲ್ಲೇ ಬಂಧಿಯಾಗಿದ್ದ ಆ ಮುದುಕ ಎರಡು ಹೊಸ ವಿಜ್ಞಾನಗಳ ಕುರಿತು ಬರೆದ ಸಂವಾದ 1638ರಲ್ಲಿ ಲೈಡನ್‌ನಲ್ಲಿ ಅಚ್ಚಾಯಿತು. ಆ ಎರಡರಲ್ಲಿ ಒಂದು ವಿಜ್ಞಾನ ಇದೇ: ಘನವಸ್ತು ಯಾಕೆ ಮುರಿಯುತ್ತದೆ ಎಂಬುದು. ಅದರಲ್ಲೊಂದು ಪ್ರಸಂಗ ಬರುತ್ತದೆ. ಒಂದು ದೊಡ್ಡ ಅಮೃತಶಿಲೆಯ ಕಂಬವನ್ನು ಎರಡು ದಿಮ್ಮಿಗಳ ಮೇಲೆ ಮಲಗಿಸಿದ್ದರು. ನಡುವೆ ಮುರಿದೀತು ಎಂಬ ಕಾಳಜಿಯಿಂದ ಕೆಲಸಗಾರನೊಬ್ಬ ಮಧ್ಯಕ್ಕೊಂದು ಮೂರನೇ ದಿಮ್ಮಿ ಕೊಡಿಸಿದ. ಎಲ್ಲರೂ ಭೇಷ್ ಎಂದರು. ಕೆಲವು ತಿಂಗಳ ಬಳಿಕ ನೋಡಿದರೆ ಕಂಬ ಸರಿಯಾಗಿ ಆ ಮೂರನೇ ದಿಮ್ಮಿಯ ಮೇಲೆಯೇ ಮುರಿದಿತ್ತು. ತುದಿಯ ದಿಮ್ಮಿಯೊಂದು ಹಾಳಾಗಿ ಕುಸಿದಿತ್ತು. ನಡುವಿನದು ಗಟ್ಟಿಯಾಗಿ ನಿಂತಿತ್ತು. ಅರ್ಧ ಕಂಬ ಗಾಳಿಯಲ್ಲಿ ತೂಗುತ್ತಿತ್ತು. ಎರಡೇ ಆಸರೆ ಇದ್ದಿದ್ದರೆ ಕುಸಿದ ದಿಮ್ಮಿಯ ಜೊತೆ ಕಂಬವೂ ಇಳಿದು ಉಳಿಯುತ್ತಿತ್ತು.

ರಾಯಚೂರಿನ ಸುತ್ತಲಿನ ಎರೆಭೂಮಿಯಲ್ಲಿ ಬಂಡಿ ಹೊಡೆದವರಿಗೆ ಈ ಪ್ರಸಂಗ ಬೇಗ ಅರ್ಥವಾಗುತ್ತದೆ. ಒಣಗಿದಾಗ ಕಲ್ಲಿನಂತೆ ಗಟ್ಟಿಯಾಗಿ ಬಿರಿಯುವ ಆ ಮಣ್ಣು ಒಂದು ಮಳೆಗೆ ಗಾಲಿಯನ್ನು ನುಂಗುತ್ತದೆ. ಯಾವ ಗಾಲಿ ಎಷ್ಟು ಇಳಿಯುತ್ತದೆ ಎಂದು ಮೊದಲೇ ಹೇಳಲಾಗದು. ಗೋಡೆಯ ಚಿತ್ರದಲ್ಲಿ ಗಾಲಿಗಳ ಹಿಂದೆ ಸನ್ನೆಗೋಲು ಹಿಡಿದವರು ಮುಂದಕ್ಕೆ ತಳ್ಳುವುದಕ್ಕಾಗಿಯೇ ನಿಂತವರು. ಆದರೆ ಹೂತ ಗಾಲಿಯನ್ನು ತಕ್ಷಣ ಮೀಟಿ ಉಳಿದವುಗಳ ಸಮಕ್ಕೆ ತರುವ ಕೆಲಸವೂ ಅವರದೇ ಆಗಿದ್ದಿರಬೇಕು. ಹಾಗೆ ಮಾಡದೆ ಇಷ್ಟು ಉದ್ದದ ಕಲ್ಲು ಇಡಿಯಾಗಿ ಕೋಟೆ ಮುಟ್ಟುವುದು ಬಹಳ ಕಷ್ಟ.

ಗೆಲಿಲಿಯೋನ ಲೆಕ್ಕದಲ್ಲಿ ಒಂದು ತಪ್ಪಿತ್ತು. ತೊಲೆ ಮುರಿಯುವಾಗ ಅದರ ಇಡೀ ಅಡ್ಡಕೊಯ್ತ ಎಳೆತಕ್ಕೆ ಸಿಗುತ್ತದೆ, ಒಂದು ಅಂಚು ಮಾತ್ರ ಕೀಲಿನಂತೆ ನಿಲ್ಲುತ್ತದೆ ಎಂದು ಆತ ಎಣಿಸಿದ. ಆಯತಾಕಾರದ ತೊಲೆಗೆ ಇದು ನಿಜವಾದ ಬಲದ ಮೂರು ಪಟ್ಟು ತೋರಿಸುತ್ತದೆ. ಒಂದು ಬದಿ ಎಳೆತ, ಇನ್ನೊಂದು ಬದಿ ಒತ್ತು, ನಡುವೆ ಎರಡೂ ಇಲ್ಲದ ಒಂದು ಪದರ ಎಂಬ ಸರಿಯಾದ ಚಿತ್ರ ಗಟ್ಟಿಯಾಗಿ ನೆಲೆಯೂರಲು ಇನ್ನೂ ಒಂದೂವರೆ ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಕೂಲಂಬ್ ಅದನ್ನು 1773ರಲ್ಲಿ ಹೇಳಿದ, ನಾವಿಯೇ 1826ರ ತನ್ನ ಪುಸ್ತಕದಲ್ಲಿ ಪಾಠವಾಗುವ ಹಾಗೆ ಬರೆದ. ಇವತ್ತು ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ಬೆಂಡಿಂಗ್ ಸೂತ್ರ ಅಲ್ಲಿಂದ ಬಂದದ್ದು.

ಈ ಕೂಲಂಬ್ ಯಾರು ಎಂಬುದು ನಮ್ಮ ಕಥೆಗೆ ಮುಖ್ಯ. ವಿದ್ಯುತ್ತಿನ ಪಾಠದಲ್ಲಿ ಬರುವವನೇ ಆತ. ಆದರೆ ಅದಕ್ಕೂ ಮೊದಲು ಫ್ರೆಂಚ್ ಸೈನ್ಯದ ಇಂಜಿನಿಯರ್. 1764ರಿಂದ 1772ರವರೆಗೆ ಕೆರಿಬಿಯನ್ ಸಮುದ್ರದ ಮಾರ್ಟಿನಿಕ್ ದ್ವೀಪದಲ್ಲಿ ಒಂದು ಕೋಟೆ ಕಟ್ಟಿಸುತ್ತಾ ಆರೋಗ್ಯ ಕಳೆದುಕೊಂಡ. ಊರಿಗೆ ಮರಳಿ 1773ರಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿಯಲ್ಲಿ ಓದಿದ ಪ್ರಬಂಧದಲ್ಲಿ ನಾಲ್ಕು ವಿಷಯಗಳಿದ್ದವು: ತೊಲೆ ಯಾಕೆ ಮುರಿಯುತ್ತದೆ, ಕಲ್ಲುಕಂಬ ಯಾಕೆ ಓರೆಯಾಗಿ ಜಾರಿ ಒಡೆಯುತ್ತದೆ, ಮಣ್ಣು ತನಗೆ ಅಡ್ಡ ನಿಂತ ಗೋಡೆಯನ್ನು ಎಷ್ಟು ಬಲದಿಂದ ನೂಕುತ್ತದೆ, ಕಮಾನು ಹೇಗೆ ನಿಲ್ಲುತ್ತದೆ. ನಾಲ್ಕೂ ಕೋಟೆ ಕಟ್ಟುವವನ ದಿನನಿತ್ಯದ ಪ್ರಶ್ನೆಗಳು. ಘನವಸ್ತುಗಳ ಬಲವಿಜ್ಞಾನದ ಒಂದು ದೊಡ್ಡ ಪಾಲು ಹುಟ್ಟಿದ್ದು ಕೋಟೆಯ ಬುಡದಲ್ಲಿ, ಕಟ್ಟುವವರ ಮತ್ತು ಒಡೆಯುವವರ ನಡುವಿನ ಹಟದಲ್ಲಿ.

ರಾಯಚೂರಿನಲ್ಲಿ ಆ ಹಟದ ಅತಿ ದೊಡ್ಡ ಪರೀಕ್ಷೆ ನಡೆದದ್ದು 1520ರಲ್ಲಿ. ಆಗ ಕೋಟೆ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನ ಕೈಯಲ್ಲಿತ್ತು. ವಿಜಯನಗರದ ಕೃಷ್ಣದೇವರಾಯ ಭಾರಿ ಸೈನ್ಯ ಕಟ್ಟಿಕೊಂಡು ಬಂದು ಮುತ್ತಿಗೆ ಹಾಕಿದ. ಸುಮಾರು ಹದಿನೈದು ವರ್ಷಗಳ ಬಳಿಕ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೋ ನ್ಯೂನಿಜ್ ಈ ಯುದ್ಧವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಅವನ ಕಣ್ಣು ಗೋಡೆಯ ಮೇಲೆ ಬಿದ್ದಿತ್ತು. ಸುಣ್ಣದ ಗಾರೆಯಿಲ್ಲದೆ ದೊಡ್ಡ ಕಲ್ಲುಗಳಿಂದ ಕಟ್ಟಿದ ಗೋಡೆಗಳು, ಒಳಗೆ ಮಣ್ಣು ತುಂಬಿ ಗಟ್ಟಿ ಮಾಡಿದವು ಎಂದು ಅವನು ಹೇಳುತ್ತಾನೆ. ಕೋಟೆಯೊಳಗೆ ದೊಡ್ಡ ತೋಪುಗಳೇ 200 ಇದ್ದವಂತೆ.

ಗಾರೆಯಿಲ್ಲದ ಗೋಡೆ ಹೇಗೆ ನಿಲ್ಲುತ್ತದೆ? ಮೇಲಿನ ಕಲ್ಲಿನ ಭಾರ ಕೆಳಗಿನದನ್ನು ಒತ್ತುತ್ತದೆ, ಒತ್ತಿದಷ್ಟೂ ಉಜ್ಜಿನ ಹಿಡಿತ ಹೆಚ್ಚುತ್ತದೆ. ಕಲ್ಲಿಗೆ ಒತ್ತೆಂದರೆ ಅಂಜಿಕೆಯಿಲ್ಲ. ಗುಂಡು ಬಡಿದರೆ ಗಾರೆಯ ಗೋಡೆ ಬಿರುಕು ಬಿಡುವಲ್ಲಿ ಇಂಥ ಗೋಡೆಯ ಕಲ್ಲುಗಳು ಕೊಂಚ ಸರಿದು, ಹಿಂದಿನ ಮಣ್ಣು ಪೆಟ್ಟನ್ನು ನುಂಗಿಕೊಳ್ಳುತ್ತದೆ. ಆದರೆ ಅದೇ ಮಣ್ಣು ಹಗಲೂ ರಾತ್ರಿ ಗೋಡೆಯನ್ನು ಹೊರಕ್ಕೆ ನೂಕುತ್ತಿರುತ್ತದೆ. ನೂಕುಬಲ ಅತಿ ಹೆಚ್ಚಿರುವುದು ಬುಡದಲ್ಲಿ. ಗೋಡೆಯ ಶಕ್ತಿಯೂ ದೌರ್ಬಲ್ಯವೂ ಒಂದೇ ಜಾಗದಲ್ಲಿದ್ದವು.

ರಾಯನ ಸೈನಿಕರು ಕೈ ಹಾಕಿದ್ದು ಆ ಬುಡಕ್ಕೇ. ಹಾರೆ, ಗುದ್ದಲಿ ಹಿಡಿದು ಗೋಡೆಯ ಕಾಲಬುಡಕ್ಕೆ ನುಗ್ಗಿ ಕಲ್ಲು ಕೀಳತೊಡಗಿದರು. ಮೇಲಿನವರ ತೋಪುಗಳಿಗೆ ದೂರದ ಸೈನ್ಯ ಸಿಗುತ್ತಿತ್ತು. ಗೋಡೆಗೆ ಅಂಟಿಕೊಂಡು ನಿಂತವರಿಗೆ ಗುರಿ ಕಟ್ಟಲು ತೋಪಿನ ಬಾಯಿ ಬಗ್ಗುತ್ತಿರಲಿಲ್ಲ. ಆದರೂ ಮೇಲಿನಿಂದ ಬೀಳುವ ಕಲ್ಲು, ಬಾಣ, ಕೋವಿಗುಂಡಿಗೆ ಸಾಲು ಸಾಲಾಗಿ ಸತ್ತರು. ಜನ ಹಿಂದೆಗೆಯಬಾರದೆಂದು ನಾಯಕರು ಒಂದು ದರ ಇಟ್ಟರು. ಗೋಡೆಯಿಂದ ಕಿತ್ತು ತಂದ ಪ್ರತಿ ಕಲ್ಲಿಗೂ ಅದರ ಗಾತ್ರ ನೋಡಿ ಹತ್ತು, ಇಪ್ಪತ್ತು, ಮೂವತ್ತು, ಐವತ್ತು ಪಣದವರೆಗೂ ಎಣಿಸಿ ಕೊಟ್ಟರು. ಒಂದು ಕಾಲಕ್ಕೆ ಎಳೆದು ತಂದು ಕಟ್ಟಿದ ಕಲ್ಲುಗಳಿಗೆ ಈಗ ಕಿತ್ತ ಕೂಲಿ. ಯಾರ ಹೆಸರೂ ಉಳಿಯದ ಆ ಜನರ ಸಾವನ್ನು ನಾವು ರಾಯನ ಗೆಲುವಿನ ಸಂಭ್ರಮದಲ್ಲಿ ಮರೆತಿದ್ದೇವೆ ಎಂದು ನನಗೆ ನೋವಾಗುತ್ತದೆ.

ನಡುವೆ ಇಸ್ಮಾಯಿಲ್ ಆದಿಲ್ ಶಾಹ ಕೃಷ್ಣೆಯನ್ನು ದಾಟಿ ಬಂದ, ಬಯಲಿನಲ್ಲಿ ಸೋತು ಓಡಿದ. ಮುತ್ತಿಗೆ ಮುಂದುವರಿಯಿತು. ಆಗ ಬಂದವನು ಕ್ರಿಸ್ತೊವಾವೋ ದೆ ಫಿಗೆರೇದೊ, ಜೊತೆಗೆ ಕೋವಿ ಹಿಡಿದ ಸುಮಾರು ಇಪ್ಪತ್ತು ಮಂದಿ ಪೋರ್ಚುಗೀಸರು. ಗೋಡೆಯ ಮೇಲೆ ತಲೆ ಎತ್ತಿದವರನ್ನು ಅವರು ಒಬ್ಬೊಬ್ಬರನ್ನಾಗಿ ಹೊಡೆದರು. ಮೇಲಿನವರು ಮರೆಗೆ ಸರಿದರು, ಕೆಳಗಿನವರಿಗೆ ಕಲ್ಲು ಕೀಳಲು ಬಿಡುವು ಸಿಕ್ಕಿತು. ಗೋಡೆ ಹಲವು ಕಡೆ ಬಾಯಿಬಿಟ್ಟಿತು. ಕೋಟೆಯ ಅಧಿಕಾರಿ ಏನಾಗುತ್ತಿದೆ ಎಂದು ಹೊರಬಾಗಿ ನೋಡಿದಾಗ ಹಣೆಗೆ ಗುಂಡು ಬಿದ್ದು ಸತ್ತ. ಊರು ಶರಣಾಯಿತು. ರಾಯಚೂರನ್ನು ಗೆದ್ದದ್ದು ತೋಪಿನ ಗುಂಡಲ್ಲ, ಬುಡಕ್ಕೆ ಬಿದ್ದ ಹಾರೆ. ಮಣ್ಣಿನ ನೂಕುಬಲಕ್ಕೆ ಅಡ್ಡ ನಿಂತ ಕೆಳಸಾಲಿನ ಕಲ್ಲು ತೆಗೆದರೆ ಉಳಿದದ್ದನ್ನು ಮಣ್ಣೇ ಮಾಡಿ ಮುಗಿಸುತ್ತದೆ.

ಕೋಟೆಯ ತೋಪುಗಳೂ ಒಂದು ಪಾಠವೇ. ಕೋಟೆಯ ಗುಡ್ಡದ ತುದಿ ಬಾಲಾ ಹಿಸಾರ್‌ನಲ್ಲಿ 20 ಅಡಿಗೂ ಉದ್ದದ ತೋಪೊಂದಿದೆ. ದಖನಿನ ಕಬ್ಬಿಣದ ದೊಡ್ಡ ತೋಪುಗಳನ್ನು ಎರಕ ಹೊಯ್ಯುತ್ತಿರಲಿಲ್ಲ. ಕಬ್ಬಿಣದ ಉದ್ದನೆಯ ಪಟ್ಟಿಗಳನ್ನು ಕೊಳವೆಯಾಗಿ ಜೋಡಿಸಿ, ಮೇಲೆ ಕೆಂಪಗೆ ಕಾಯಿಸಿದ ಬಳೆಗಳನ್ನು ಒಂದರ ಪಕ್ಕ ಒಂದು ತೊಡಿಸಿ ಬಡಿಯುತ್ತಿದ್ದರು. ಎತ್ತಿನ ಗಾಡಿಯ ಗಾಲಿಗೆ ಕಮ್ಮಾರ ಹಳಿ ತೊಡಿಸುವ ಹಾಗೆಯೇ. ಬಳೆ ತಣ್ಣಗಾಗಿ ಕುಗ್ಗಿ ಒಳಗಿನ ಪಟ್ಟಿಗಳನ್ನು ಬಿಗಿಯುತ್ತದೆ. ಮದ್ದು ಸಿಡಿದಾಗ ಕೊಳವೆಯ ಗೋಡೆ ಸುತ್ತಳತೆಯ ದಿಕ್ಕಿನಲ್ಲಿ ಎಳೆತಕ್ಕೆ ಸಿಗುತ್ತದೆ. ತೆಳುಗೋಡೆಯ ಕೊಳವೆಯಲ್ಲಿ ಈ ಎಳೆತ ಉದ್ದದ ದಿಕ್ಕಿನದರ ಎರಡು ಪಟ್ಟು. ತೋಪು ಉದ್ದಕ್ಕೆ ಸೀಳುವುದು ಅದಕ್ಕೇ. ಬಳೆ ಮೊದಲೇ ಬಿಗಿದಿಟ್ಟ ಒತ್ತು ಕಳೆದ ಮೇಲಷ್ಟೇ ಒಳಕೊಳವೆಗೆ ಎಳೆತ ತಟ್ಟುತ್ತದೆ. ದಪ್ಪಗೋಡೆಯ ಕೊಳವೆಯ ಈ ಗಣಿತವನ್ನು ಲಾಮೆ ಮತ್ತು ಕ್ಲಾಪೆರಾನ್ ಪ್ರಕಟಿಸಿದ್ದು 1833ರಲ್ಲಿ. ಇಂಗ್ಲೆಂಡಿನ ಆರ್ಮ್‌ಸ್ಟ್ರಾಂಗ್ ಬಳೆ ಬಿಗಿದ ತೋಪುಗಳನ್ನು ಕಾರ್ಖಾನೆಯಲ್ಲಿ ತಯಾರಿಸಿದ್ದು 1850ರ ದಶಕದಲ್ಲಿ. ಇದರಿಂದ ನಮ್ಮವರಿಗೆ ಎಲ್ಲವೂ ಮೊದಲೇ ಗೊತ್ತಿತ್ತು ಎಂದು ಬೀಗಬೇಕಾಗಿಲ್ಲ. ಬಳೆ ಎಷ್ಟು ಬಿಗಿಯಿರಬೇಕು ಎಂದು ಮುಂಚೆಯೇ ಹೇಳುವ ಲೆಕ್ಕ ಆ ಕಮ್ಮಾರರ ಬಳಿ ಇರಲಿಲ್ಲ. ತೋಪು ಸಿಡಿದರೆ ಹತ್ತಿರ ನಿಂತವರು ಸಾಯುತ್ತಿದ್ದರು. ಅನುಭವಕ್ಕೂ ಲೆಕ್ಕಕ್ಕೂ ಇರುವ ಅಂತರ ಆ ಸಾವುಗಳಷ್ಟು ದೊಡ್ಡದು.

ಕೋಟೆಯಿಂದಾಚೆಯ ರಾಯಚೂರಿನಲ್ಲೂ ಇದೇ ಪಾಠಗಳಿವೆ. 1871ರಲ್ಲಿ ಮುಂಬಯಿ ಕಡೆಯ ರೈಲು ದಾರಿ ಮತ್ತು ಮದ್ರಾಸ್ ಕಡೆಯ ರೈಲು ದಾರಿ ರಾಯಚೂರಿನಲ್ಲಿ ಸೇರಿದವು. ಅದಕ್ಕೆ ನಾಲ್ಕೇ ವರ್ಷ ಮೊದಲು, 1867ರಲ್ಲಿ, ವಿಂಕ್ಲರ್ ಎಂಬ ಇಂಜಿನಿಯರ್ ರೈಲು ಹಳಿಯನ್ನು ಮೆತ್ತನೆಯ ನೆಲದ ಮೇಲೆ ಮಲಗಿದ ತೊಲೆ ಎಂದು ಭಾವಿಸಿ ಲೆಕ್ಕ ಹಾಕುವ ಬಗೆ ತೋರಿಸಿದ್ದ. ರಾಯಚೂರಿನ ಬೇಸಿಗೆ ಹಳಿಗೆ ಇನ್ನೊಂದು ಪರೀಕ್ಷೆ ಒಡ್ಡುತ್ತದೆ. 45 ಡಿಗ್ರಿ ಬಿಸಿಯೇರಿದರೆ 13 ಮೀಟರಿನ ಹಳಿ ಸುಮಾರು 7 ಮಿಲಿಮೀಟರ್ ಉದ್ದವಾಗುತ್ತದೆ. ಉದ್ದವಾಗಲು ಜಾಗ ಕೊಡದಿದ್ದರೆ ಒಳಗೆ ಚದರ ಮಿಲಿಮೀಟರಿಗೆ 100 ನ್ಯೂಟನ್ನಿಗೂ ಮೀರಿದ ಒತ್ತು ಹುಟ್ಟಿ, ಹಳಿ ಪಕ್ಕಕ್ಕೆ ಸೊಟ್ಟಾಗಬಹುದು. 1985ರಿಂದ ಶಕ್ತಿನಗರದ ಶಾಖೋತ್ಪನ್ನ ಸ್ಥಾವರ ನಡೆಯುತ್ತಿದೆ. ಅಲ್ಲಿನ ಬಾಯ್ಲರ್ ಕೊಳವೆಗಳಲ್ಲಿ ನೂರು ವಾಯುಭಾರಕ್ಕೂ ಮೀರಿದ, 500 ಡಿಗ್ರಿ ದಾಟಿದ ಹಬೆ ಓಡುತ್ತದೆ. ತೋಪಿನ ಗೋಡೆಗೆ ಬರೆದ ಸೂತ್ರವೇ ಅಲ್ಲೂ ನಡೆಯುತ್ತದೆ. ನಾರಾಯಣಪುರ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆ ಮುಳುಗಿ ಶಹಾಪುರದ ಸಂಪರ್ಕ ಕಡಿಯುತ್ತದೆ. ಮೇಲಿನಿಂದ ಕೆಳಗೆ ಒತ್ತುವ ಭಾರ ಹೊರಲು ಮಾಡಿದ ತೊಲೆಯನ್ನು ಆಗ ಪ್ರವಾಹ ಅಡ್ಡಕ್ಕೆ ನೂಕುತ್ತದೆ, ಕೆಳಗಿನಿಂದ ಎತ್ತುತ್ತದೆ. ಈ ಸೇತುವೆಯನ್ನು ಪುಸ್ತಕದ ಉದಾಹರಣೆಯಾಗಿ ಅಲ್ಲ, ಆಸ್ಪತ್ರೆಗೆ ಹೋಗುವ ದಾರಿಯಾಗಿ ಬಲ್ಲವರು ದೇವದುರ್ಗದ ಮಕ್ಕಳು.

ಅವರೂ ಮಾನ್ವಿಯ ಮಕ್ಕಳೂ ಬಸ್ಸು ಹಿಡಿದು ರಾಯಚೂರಿನ ಇಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ಕಾಲೇಜುಗಳಿಗೆ ಬರುತ್ತಾರೆ. ಹಲವರು ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು. ಇಂಗ್ಲಿಷಿನ ದಪ್ಪ ಪುಸ್ತಕದಲ್ಲಿ ಅದೇ ಅಮೂರ್ತ ತೊಲೆ, ಅದೇ ಬಾಣದ ಗುರುತು ನೋಡಿ ವಿಷಯವೇ ತಮ್ಮದಲ್ಲ ಎಂದುಕೊಳ್ಳುತ್ತಾರೆ. ಅವರಿಗೂ ಅವರ ಮೇಷ್ಟರಿಗೂ ನನ್ನದೊಂದು ಕೋರಿಕೆ. ಈ ಸೆಮಿಸ್ಟರಿನ ಒಂದು ತರಗತಿಯನ್ನು ಕೋಟೆಯ ಪಶ್ಚಿಮ ಗೋಡೆಯ ಎದುರು ನಡೆಸಿ. ಅಳತೆಪಟ್ಟಿ ಹಿಡಿದು ಆ ಕಲ್ಲಿನ ಉದ್ದ ಅಗಲ ಅಳೆಯಿರಿ, ಗೋಡೆಯ ಚಿತ್ರದಲ್ಲಿ ಗಾಲಿ ಎಷ್ಟು, ಕೋಣ ಎಷ್ಟು ಎಣಿಸಿ, ಆಸರೆ ಎಲ್ಲಿ ಕೊಟ್ಟಿದ್ದಾರೆ ನೋಡಿ, ಬೆಂಡಿಂಗ್ ಮೊಮೆಂಟ್ ಬಿಡಿಸಿ. ಗೋಡೆಗೆ ಮೊಳೆ ಹೊಡೆಯಬೇಡಿ, ಹೆಸರು ಕೆತ್ತಬೇಡಿ. ಬರೆದ ಲೆಕ್ಕವನ್ನು ಕನ್ನಡದಲ್ಲಿ ನಿಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಅಚ್ಚು ಹಾಕಿಸಿ.